ಉಸಿರಾಡುವ ಪ್ರತಿ

— ಯೀಸ್ಟಿನ ಮಾತು ಶುರುಮಾಡುವ ಮೊದಲು ನನ್ನದೊಂದು ಅನುಮಾನ ತೀರಿಸಿಬಿಡು. ಡಿಎನ್‌ಎ ಇರುವುದು ನ್ಯೂಕ್ಲಿಯಸ್ಸಿನಲ್ಲಿ ಅಂತ ನಾವು ಶಾಲೆಯಲ್ಲಿ ಓದಿದ್ದು. ಮೈಟೊಕಾಂಡ್ರಿಯದಲ್ಲಿ ಇನ್ನೊಂದು ಎಲ್ಲಿಂದ ಬಂತು?

— ನೀವು ಶಾಲೆಗೆ ಹೋಗುವಾಗ ಅದು ಪಠ್ಯಪುಸ್ತಕಕ್ಕೆ ಬಂದೇ ಇರಲಿಲ್ಲ ಮಾವ. 1963ರಲ್ಲಿ ಸ್ಟಾಕ್‌ಹೋಮಿನಲ್ಲಿ ಮಾರ್ಗಿಟ್ ನಾಸ್, ಸಿಲ್ವನ್ ನಾಸ್ ದಂಪತಿ ಕೋಳಿಯ ಭ್ರೂಣದ ಮೈಟೊಕಾಂಡ್ರಿಯದೊಳಗೆ ಡಿಎನ್‌ಎ ಎಳೆಗಳನ್ನು ಕಂಡರು. ಮರುವರ್ಷ ವಿಯೆನ್ನಾದಲ್ಲಿ ಗಾಟ್‌ಫ್ರೀಡ್ ಶಾಟ್ಸ್ ಮತ್ತು ಸಂಗಡಿಗರು ಯೀಸ್ಟಿನಲ್ಲಿ ಅದನ್ನೇ ಅಳೆದು ತೋರಿಸಿದರು. ಆದರೆ ಅದರ ಜಾಡು ಸಿಕ್ಕಿದ್ದು ಅದಕ್ಕೂ ಮುಂಚೆ, ಪ್ಯಾರಿಸ್ಸಿನಲ್ಲಿ. ಡಿಎನ್‌ಎ ಕಣ್ಣಿಗೆ ಬೀಳುವ ಮೊದಲೇ ಅದು ಕಳೆದುಹೋದದ್ದು ಗೊತ್ತಾಗಿತ್ತು.

— ಇಲ್ಲದ್ದು ಮೊದಲು ಸಿಕ್ಕಿತು ಅನ್ನು.

— ಹಾಗೇ. ಬೋರಿಸ್ ಎಫ್ರುಸಿ ಅಂತ, ಮಾಸ್ಕೋದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದವರು. 1940ರ ದಶಕದ ಕೊನೆಯಲ್ಲಿ ಬ್ರೆಡ್ಡಿನ ಯೀಸ್ಟನ್ನು ತಟ್ಟೆಯ ಮೇಲೆ ಬೆಳೆಸುತ್ತಿದ್ದರು. ನೂರು ಕಾಲೊನಿಯಲ್ಲಿ ಒಂದೋ ಎರಡೋ ಯಾವಾಗಲೂ ಗಿಡ್ಡಾಗಿ ಉಳಿಯುತ್ತಿದ್ದವು. ಆ ಗಿಡ್ಡದ್ದನ್ನು ತೆಗೆದು ಮತ್ತೆ ಬಿತ್ತಿದರೆ ಅದರ ಸಂತಾನವೆಲ್ಲ ಗಿಡ್ಡ. ದೊಡ್ಡದ್ದನ್ನು ಬಿತ್ತಿದರೆ ಮತ್ತೆ ನೂರಕ್ಕೆ ಒಂದೆರಡು ಗಿಡ್ಡ. ಅಕ್ರಿಫ್ಲಾವಿನ್ ಎನ್ನುವ ಬಣ್ಣ ಹಾಕಿದರೆ ಹುಟ್ಟುವ ಮರಿಕೋಶಗಳು ಬಹುಮಟ್ಟಿಗೆ ಎಲ್ಲವೂ ಗಿಡ್ಡ! ಯಾವ ಸಾಧಾರಣ ಜೀನೂ ಹೀಗೆ ಒಟ್ಟೊಟ್ಟಿಗೆ ಕೆಡುವುದಿಲ್ಲ. ಗಿಡ್ಡ ಯೀಸ್ಟನ್ನು ಆರೋಗ್ಯವಂತ ಯೀಸ್ಟಿನೊಂದಿಗೆ ಕೂಡಿಸಿದರೆ ಮೊಮ್ಮಕ್ಕಳಲ್ಲಿ ಅರ್ಧ ಗಿಡ್ಡ, ಅರ್ಧ ದೊಡ್ಡ ಬರಬೇಕಿತ್ತಲ್ಲ, ಮೆಂಡೆಲ್ ಲೆಕ್ಕದಲ್ಲಿ? ಬರಲಿಲ್ಲ, ಎಲ್ಲವೂ ದೊಡ್ಡವು. ಅಂದಮೇಲೆ ಕೆಟ್ಟಿರುವುದು ನ್ಯೂಕ್ಲಿಯಸ್ಸಿನಾಚೆ ಎಲ್ಲೋ ಇದೆ ಎಂದು 1949ರಲ್ಲಿ ಬರೆದರು. ಇವತ್ತಿಗೂ ಆ ಗಿಡ್ಡ ಯೀಸ್ಟಿಗೆ ಫ್ರೆಂಚಿನ ‘ಪೆಟೀಟ್’ ಹೆಸರೇ ಉಳಿದಿದೆ. ಎಫ್ರುಸಿ ಹತ್ತಿರ ಪಿಯೋತ್ರ್ ಸ್ಲೊನಿಮ್‌ಸ್ಕಿ ಎಂಬ ಪೋಲಿಷ್ ಯುವಕ ಕೆಲಸಕ್ಕಿದ್ದರು, 1944ರ ವಾರ್ಸಾ ದಂಗೆಯಲ್ಲಿ ಹೋರಾಡಿ ಬಂದವರು. ಪೆಟೀಟ್‌ಗಳಲ್ಲಿ ಉಸಿರಾಟದ ಕಿಣ್ವಗಳೇ ಇಲ್ಲ ಎಂದು ತೋರಿಸಿದ್ದು ಅವರು.

— ಉಸಿರಾಟವಿಲ್ಲದೆ ಬದುಕುತ್ತವೆಯೇ?

— ಯೀಸ್ಟಿನ ಹೆಚ್ಚುಗಾರಿಕೆಯೇ ಅದು. ಸಕ್ಕರೆ ಇದ್ದರೆ ಹುಳಿಸಿಕೊಂಡು ಬದುಕುತ್ತದೆ, ನಿಧಾನವಾಗಿ. ಗ್ಲಿಸರಾಲ್ ಮೇಲೆ ಹಾಕಿದರೆ ಬೆಳೆಯುವುದಿಲ್ಲ, ಅದನ್ನು ತಿನ್ನಲು ಉಸಿರಾಡಲೇಬೇಕು. ಹೀಗಾಗಿ ಮೈಟೊಕಾಂಡ್ರಿಯದ ಡಿಎನ್‌ಎ ಕಾಯುವ ಯಾವ ಜೀನನ್ನು ಕೆಡಿಸಿದರೂ ಕೋಶ ಸಾಯದೆ ಉಳಿದು, ಏನು ಕಳೆದುಕೊಂಡೆ ಎಂದು ನಮಗೆ ಹೇಳುತ್ತದೆ. ಯೀಸ್ಟಿನ ನೆಂಟನೇ ಆದ ಕ್ಲುಯಿವೆರೊಮೈಸಿಸ್ ಲ್ಯಾಕ್ಟಿಸ್‌ನಲ್ಲಿ ಆ ಡಿಎನ್‌ಎ ಹೋದರೆ ಕಥೆ ಮುಗಿಯಿತು, ಕೋಶವೇ ಇರುವುದಿಲ್ಲ.

— ಆಗಲಿ. ಆ ಡಿಎನ್‌ಎಯಲ್ಲಿ ಬರೆದಿರುವುದಾದರೂ ಏನು?

— ಸುಮಾರು 86 ಸಾವಿರ ಅಕ್ಷರ. ಅದರಲ್ಲಿ ಮುಖ್ಯವಾದ ಪ್ರೋಟೀನುಗಳು ಎಂಟೇ ಎಂಟು. ಏಳು ಉಸಿರಾಟಕ್ಕೆ ಮತ್ತು ಶಕ್ತಿ ತಯಾರಿಗೆ ಸೇರಿದವು, ಒಂದು ಮೈಟೊಕಾಂಡ್ರಿಯದ ಸ್ವಂತ ರೈಬೋಸೋಮಿಗೆ. ಜತೆಗೆ ಆ ಎಂಟನ್ನು ತಯಾರಿಸಲು ಬೇಕಾದ ಆರ್‌ಎನ್‌ಎಗಳು. ಮೈಟೊಕಾಂಡ್ರಿಯಕ್ಕೆ ಬೇಕಾದ ಉಳಿದ ನೂರಾರು ಪ್ರೋಟೀನುಗಳ ಬರಹ ನ್ಯೂಕ್ಲಿಯಸ್ಸಿನಲ್ಲಿದೆ.

— ಎಂಟಕ್ಕೆ 86 ಸಾವಿರವೇ? ವಾಚಾಳಿ ಕವಿ ಇರಬೇಕು.

— ಮನುಷ್ಯನದು 16,569 ಅಕ್ಷರ, ಅಷ್ಟರಲ್ಲೇ 13 ಪ್ರೋಟೀನ್. ಯೀಸ್ಟಿನದರಲ್ಲಿ ಖಾಲಿ ಜಾಗ ಬಹಳ, ನೂರಕ್ಕೆ 80ಕ್ಕೂ ಹೆಚ್ಚು ಅಕ್ಷರ ಬರೀ ಎ ಮತ್ತು ಟಿ. ಒಂದೇ ಬಗೆಯ ಚಿಕ್ಕಚಿಕ್ಕ ತುಣುಕುಗಳು ಅಲ್ಲಲ್ಲಿ ಮರುಕಳಿಸುತ್ತವೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಇದೇ ತೊಂದರೆ ಕೊಡುತ್ತದೆ. ಇನ್ನೊಂದು ಸಂಗತಿ, ಒಂದು ಕೋಶದಲ್ಲಿ ಇದು ಒಂದೇ ಪ್ರತಿ ಇರುವುದಿಲ್ಲ. ಹತ್ತಾರು ಇರುತ್ತವೆ, ಕೆಲವು ತಳಿಗಳಲ್ಲಿ ನೂರರ ಹತ್ತಿರ.

— ಹಾಗಿದ್ದರೆ ನನಗೆ ಗೊತ್ತಿರುವ ಕಸುಬಿಗೇ ಬಂದೆ ನೀನು. ಒಂದು ಕಾವ್ಯಕ್ಕೆ ಹತ್ತು ಓಲೆಗರಿ ಪ್ರತಿ ಸಿಕ್ಕಿದರೆ ನಾವು ಪಾಠಾಂತರ ಹೋಲಿಸುತ್ತೇವೆ. ಲಿಪಿಕಾರನ ಕೈತಪ್ಪು ಎಲ್ಲಿ, ಮೂಲಪಾಠ ಯಾವುದು ಎಂದು ಗೊತ್ತುಮಾಡಿ ಪರಿಷ್ಕರಿಸುತ್ತೇವೆ. ನಿನ್ನ ಯೀಸ್ಟೂ ಅದನ್ನೇ ಮಾಡುತ್ತಿರಬೇಕು.

— ನೀವು ಇದನ್ನೇ ಕೇಳುತ್ತೀರಿ ಅಂತ ಗೊತ್ತಿತ್ತು. ಮಾಡುವುದಿಲ್ಲ ಮಾವ. ಯಾವುದು ಮೂಲಪಾಠ ಎಂದು ತಿಳಿಯಲು ಅದಕ್ಕೆ ದಾರಿಯೇ ಇಲ್ಲ. ನಕಲು ಮಾಡುವ ಹೊತ್ತಿನಲ್ಲಿ ಮಾತ್ರ ಒಂದು ಗಳಿಗೆಯ ತಿಳಿವಳಿಕೆ ಇರುತ್ತದೆ. ಮಿಪ್1 ಎಂಬ ಪಾಲಿಮರೇಸ್ ನಕಲು ಮಾಡುತ್ತದೆ. ಬೆಲ್ಜಿಯಮ್ಮಿನ ಫ್ರಾಂಸ್ವಾಸ್ ಫೂರಿ ಅದರ ಜೀನನ್ನು 1989ರಲ್ಲಿ ಬಿಡಿಸಿದರು. ತಪ್ಪು ಅಕ್ಷರ ಕೂರಿಸಿದರೆ ಮಿಪ್1 ಹಿಂದಕ್ಕೆ ಹೋಗಿ ಅದನ್ನು ಕತ್ತರಿಸಿ ಮತ್ತೆ ಬರೆಯುತ್ತದೆ. ಆ ಕತ್ತರಿಸುವ ಭಾಗವನ್ನು ಕೆಡಿಸಿದರೆ ತಪ್ಪುಗಳು ನೂರಾರು ಪಟ್ಟು ಏರುತ್ತವೆ. ಅದರ ಕಣ್ಣು ತಪ್ಪಿಸಿಕೊಂಡದ್ದರಲ್ಲಿ ಕೆಲವನ್ನು ಎಂಎಸ್‌ಎಚ್1 ಎಂಬ ಇನ್ನೊಂದು ಪ್ರೋಟೀನ್ ಗುರುತಿಸಬಲ್ಲದು, ಎರಡು ಎಳೆಗಳ ಅಕ್ಷರ ಒಂದಕ್ಕೊಂದು ಜೊತೆಯಾಗದೆ ಉಬ್ಬಿಕೊಂಡಿರುವವರೆಗೆ. ಎರಡೂ ಎಳೆಗಳಲ್ಲಿ ತಪ್ಪು ಒಮ್ಮೆ ಜೋಡಿಯಾಗಿ ಕೂತಿತೋ, ಅದು ಸರಿಯಾದ ಪಾಠದಷ್ಟೇ ಸರಿಯಾಗಿ ಕಾಣುತ್ತದೆ.

— ಅಂದರೆ ಓಲೆ ಗೀಚುವಾಗ ತಿದ್ದಬಹುದು, ಮಸಿ ಬಳಿದ ಮೇಲೆ ಇಲ್ಲ.

— ಸರಿಯಾಗಿ ಹೇಳಿದಿರಿ. ಆದರೆ ಓಲೆಗೆ ಹುಳು ಹಿಡಿಯುವುದೂ ಒಂದಿದೆಯಲ್ಲ? ಉಸಿರಾಟ ನಡೆಯುವ ಜಾಗದಲ್ಲೇ ಈ ಡಿಎನ್‌ಎ ಇರುವುದರಿಂದ ಆಮ್ಲಜನಕದ ಪುಂಡ ಅಣುಗಳು ಅಕ್ಷರಗಳನ್ನು ಕೆಡಿಸುತ್ತಲೇ ಇರುತ್ತವೆ. ಕೆಟ್ಟ ಅಕ್ಷರವನ್ನು ಕಿತ್ತು ಹೊಸದು ಹಾಕುವವರು ಇದ್ದಾರೆ. ಒಗ್1, ಎನ್‌ಟಿಜಿ1, ಯುಎನ್‌ಜಿ1 ಒಂದೊಂದೂ ಒಂದೊಂದು ಬಗೆಯ ಕೆಡುಕನ್ನು ಕೀಳುತ್ತವೆ, ಎಪಿಎನ್1 ಆ ಜಾಗದ ಬೆನ್ನೆಲುಬು ಕತ್ತರಿಸುತ್ತದೆ, ಮಿಪ್1 ತುಂಬುತ್ತದೆ. ಇವುಗಳ ಪಟ್ಟಿ ಒಪ್ಪಿಸಿ ನಿಮಗೆ ಬೇಸರ ತರುವುದಿಲ್ಲ. ಮಿಪ್1 ಬಿಟ್ಟರೆ ಉಳಿದವು ನ್ಯೂಕ್ಲಿಯಸ್ಸಿನಲ್ಲೂ ಕೆಲಸಕ್ಕಿವೆ, ಎರಡೂ ಕಡೆ ಓಡಾಡುತ್ತವೆ. ನನಗೆ ಕುತೂಹಲ ಇರುವುದು ಇಲ್ಲಿ ಇಲ್ಲದಿರುವುದರ ಬಗ್ಗೆ. ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಅಕ್ಕಪಕ್ಕದ ಅಕ್ಷರಗಳು ಅಂಟಿಕೊಳ್ಳುತ್ತವೆ. ನ್ಯೂಕ್ಲಿಯಸ್ಸಿನಲ್ಲಿ ಅದನ್ನು ಕತ್ತರಿಸಿ ತೆಗೆಯುತ್ತಾರೆ. ಯೀಸ್ಟಿನ ಮೈಟೊಕಾಂಡ್ರಿಯದಲ್ಲಿ ತೆಗೆಯುವವರೇ ಇಲ್ಲ ಎಂದು ಲೂಯಿಸ್ ಪ್ರಕಾಶ್ 1975ರಲ್ಲೇ ತೋರಿಸಿದರು. ಬೆಳಕು ಬಿದ್ದಾಗ ಆ ಅಂಟನ್ನು ಬಿಡಿಸುವ ಪಿಎಚ್‌ಆರ್1 ಎಂಬ ಕಿಣ್ವವೊಂದು ಒಳಕ್ಕೆ ಹೋಗುತ್ತದೆ, ಅಷ್ಟೇ.

— ಇಷ್ಟು ದೊಡ್ಡ ಕೊರತೆ ಇಟ್ಟುಕೊಂಡು ಸುಮ್ಮನಿರುವುದು ಹೇಗೆ?

— ಹತ್ತಾರು ಪ್ರತಿ ಇರುವಾಗ ಒಂದನ್ನು ರಿಪೇರಿ ಮಾಡಲೇಬೇಕೆಂಬ ಹಟ ಯಾಕೆ? ಬಿಟ್ಟರಾಯಿತು. ನಮ್ಮ ಕೋಶಗಳಂತೂ ಹಾಗೇ ಮಾಡುತ್ತವೆ: ಮನುಷ್ಯನ ಮೈಟೊಕಾಂಡ್ರಿಯದ ಡಿಎನ್‌ಎ ಎರಡು ತುಂಡಾದರೆ ಅದನ್ನು ಕೂಡಿಸುವುದಕ್ಕಿಂತ ಬೇಗಬೇಗ ಕರಗಿಸಿಬಿಡುವುದೇ ಹೆಚ್ಚು. ಯೀಸ್ಟ್ ಈ ಒಂದು ವಿಷಯದಲ್ಲಿ ನಮಗಿಂತ ಬೇರೆ. ತುಂಡಾದ ಎಳೆಯನ್ನು ಇಡಿಯಾಗಿರುವ ಇನ್ನೊಂದು ಪ್ರತಿಯ ಪಕ್ಕಕ್ಕೆ ತಂದು, ಅದನ್ನು ನೋಡಿಕೊಂಡು ಬರೆದು ಮುಗಿಸುತ್ತದೆ. ನಾವು ಇದಕ್ಕೆ ರೀಕಾಂಬಿನೇಷನ್ ಅನ್ನುತ್ತೇವೆ. ಎಂಎಚ್‌ಆರ್1 ಎಂಬ ಪ್ರೋಟೀನ್ ಬಿಡಿ ಎಳೆಯನ್ನು ಇಡೀ ಪ್ರತಿಯೊಳಗೆ ಹೊಗಿಸುತ್ತದೆ. ಎಂಜಿಎಂ101 ಬಿಡಿ ಎಳೆಗಳನ್ನು ಒಂದಕ್ಕೊಂದು ಹೊಂದಿಸುತ್ತದೆ. ಕೊನೆಯಲ್ಲಿ ಹೆಣೆದುಕೊಂಡ ನಾಲ್ಕು ಎಳೆಗಳ ಗಂಟನ್ನು ಸಿಸಿಇ1 ಕತ್ತರಿಸುತ್ತದೆ.

— ಇಲ್ಲಿಯಾದರೂ ಹೋಲಿಕೆ ಬಂತಲ್ಲ. ಗ್ರಂಥಪಾತವಾದ ಕಡೆ ಇನ್ನೊಂದು ಪ್ರತಿಯಿಂದ ತುಂಬಿದಂತೆ.

— ಬಂತು. ಇನ್ನೊಂದು ಹೆಜ್ಜೆ ಮುಂದೆ ಹೋಗಿ ಆ ಹೋಲಿಕೆ ಮತ್ತೆ ಮುರಿಯುತ್ತದೆ, ಕೇಳಿ. ಜಪಾನಿನಲ್ಲಿ ಫೆಂಗ್ ಲಿಂಗ್ ಮತ್ತು ತಾಕೆಹಿಕೊ ಶಿಬಾತ ಈ ಎಂಎಚ್‌ಆರ್1ರ ಬೆನ್ನು ಹತ್ತಿದರು. ಇದು ಇಲ್ಲದಿದ್ದರೆ ದುರಸ್ತಿ ಮಾತ್ರ ನಿಲ್ಲುವುದಲ್ಲ, ಹೊಸ ಪ್ರತಿ ತಯಾರಾಗುವುದೇ ಎಡವುತ್ತದೆ. ಅವರ ವಿವರಣೆ ಹೀಗೆ: ಮೊದಲು ಎನ್‌ಟಿಜಿ1 ‘ಒಆರ್‌ಐ5’ ಎಂಬ ಜಾಗದಲ್ಲಿ ಡಿಎನ್‌ಎಯನ್ನು ಎರಡೂ ಎಳೆ ಸೇರಿ ಕತ್ತರಿಸುತ್ತದೆ. ಡಿಐಎನ್7 ತುದಿಯನ್ನು ಕೆರೆದು ಒಂಟಿ ಎಳೆ ಹೊರಚಾಚುವಂತೆ ಮಾಡುತ್ತದೆ. ಎಂಎಚ್‌ಆರ್1 ಆ ಎಳೆಯನ್ನು ಉಂಗುರದಂತಿರುವ ಇನ್ನೊಂದು ಪ್ರತಿಗೆ ಹೊಗಿಸುತ್ತದೆ. ಮಿಪ್1 ಅಲ್ಲಿಂದ ಬರೆಯತೊಡಗಿ ಉಂಗುರವನ್ನು ಸುತ್ತುತ್ತಲೇ ಹೋಗುತ್ತದೆ, ಒಂದರ ಬಾಲಕ್ಕೆ ಒಂದು ಸೇರಿದ ಉದ್ದನೆಯ ಸರಪಣಿ ಹೊರಬರುತ್ತದೆ. ಮರಿಕೋಶಕ್ಕೆ ಆ ಸರಪಣಿ ಹೋಗಿ ಅಲ್ಲಿ ಬಿಡಿಬಿಡಿಯಾಗುತ್ತದೆ.

— ತಡಿ, ತಡಿ. ಕೆಟ್ಟದ್ದನ್ನು ಕೀಳುವವನೇ ಚೆನ್ನಾಗಿರುವ ಪ್ರತಿಯನ್ನು ಕತ್ತರಿಸುತ್ತಾನೆಯೇ? ಅದೂ ನಕಲು ಶುರುವಾಗಲಿ ಅಂತ?

— ಆ ಜಾಗದಲ್ಲಿ ಆಕ್ಸಿಡೀಕರಣದಿಂದ ಕೆಟ್ಟ ಅಕ್ಷರಗಳಿದ್ದಾಗ ಕತ್ತರಿಸುತ್ತದೆ ಎಂದು ಅವರ ವಾದ. ಯೀಸ್ಟಿಗೆ ಹೈಡ್ರೋಜನ್ ಪೆರಾಕ್ಸೈಡನ್ನು ಹಿತಮಿತವಾಗಿ ಕೊಟ್ಟರೆ ಮೈಟೊಕಾಂಡ್ರಿಯದ ಡಿಎನ್‌ಎ ಪ್ರತಿಗಳು ಕಡಿಮೆಯಾಗುವುದಿಲ್ಲ, ಹೆಚ್ಚುತ್ತವೆ. ಆ ಹೆಚ್ಚಳಕ್ಕೆ ಎನ್‌ಟಿಜಿ1, ಎಂಎಚ್‌ಆರ್1 ಎರಡೂ ಬೇಕು ಎಂದು 2009ರಲ್ಲಿ ತೋರಿಸಿದರು. ನಕಲು ಶುರುವಾಗುವುದು ಹೀಗೊಂದೇ ದಾರಿಯಲ್ಲಿ ಎಂದು ಎಲ್ಲರೂ ಒಪ್ಪಿಲ್ಲ. ಆರ್‌ಎನ್‌ಎ ಪಾಲಿಮರೇಸ್ ಮೊದಲ ತುಣುಕು ಬರೆದುಕೊಟ್ಟು ಶುರುಮಾಡುತ್ತದೆ ಎಂಬ ವಾದವೂ ಇದೆ. ಆದರೆ ಯೀಸ್ಟಿನ ಮೈಟೊಕಾಂಡ್ರಿಯದಿಂದ ತೆಗೆದ ಡಿಎನ್‌ಎಯಲ್ಲಿ ಉಂಗುರಗಳು ವಿರಳ, ಉದ್ದುದ್ದ ಎಳೆಗಳೇ ಜಾಸ್ತಿ ಇರುವುದನ್ನು ನೋಡಿದರೆ ಲಿಂಗ್, ಶಿಬಾತ ಹೇಳಿದ್ದರಲ್ಲಿ ಹುರುಳಿದೆ ಅನಿಸುತ್ತದೆ ನನಗೆ.

— ಹಾಗಾದರೆ ನಕಲು ಬೇರೆ, ದುರಸ್ತಿ ಬೇರೆ ಅಂತ ನಾನು ಮಾಡಿಕೊಂಡಿದ್ದ ವಿಂಗಡಣೆಯೇ ನಿಲ್ಲುವುದಿಲ್ಲ.

— ಇಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಬೆಲೆಯನ್ನೂ ತೆರಬೇಕು. ಚಿಕ್ಕ ತುಣುಕುಗಳು ಅಲ್ಲಲ್ಲಿ ಮರುಕಳಿಸುತ್ತವೆ ಅಂದೆನಲ್ಲ. ಬಿಡಿ ಎಳೆ ತನ್ನ ಜಾಗ ಹುಡುಕುವಾಗ ಅಂಥದೇ ಬೇರೆ ತುಣುಕಿಗೆ ಹೋಗಿ ಕೂತರೆ ನಡುವಿನ ಭಾಗವೆಲ್ಲ ಹಾರಿಹೋಗುತ್ತದೆ. ಪೆಟೀಟ್‌ಗಳಲ್ಲಿ ಬಹಳಷ್ಟು ಹುಟ್ಟುವುದು ಹೀಗೆಯೇ. ಅವುಗಳಲ್ಲಿ ಡಿಎನ್‌ಎ ಪೂರ್ತಿ ಇಲ್ಲವಾಗಿರುವುದಿಲ್ಲ, ಎಲ್ಲೋ ಒಂದು ಚೂರು ಉಳಿದು, ಅದೇ ಚೂರು ಮತ್ತೆ ಮತ್ತೆ ನಕಲಾಗಿ ಒಟ್ಟು ತೂಕದಲ್ಲಿ ಮೊದಲಿನಷ್ಟೇ ಆಗಿರುತ್ತದೆ.

— ಒಂದೇ ಕಂದಪದ್ಯವನ್ನು ಇಡೀ ಕಟ್ಟಿನ ತುಂಬ ಬರೆದಿಟ್ಟಂತೆ!

— ಅಂಥ ಕಟ್ಟು ಒಳ್ಳೆಯದನ್ನು ಓಡಿಸಿಬಿಡಲೂಬಹುದು. ಉಳಿದ ಚೂರಿನಲ್ಲಿ ನಕಲು ಶುರುವಾಗುವ ಜಾಗವಿದ್ದು, ಚೂರು ಚಿಕ್ಕದಾಗಿದ್ದರೆ, ಅದು ಇಡೀ ಪ್ರತಿಯನ್ನು ಮೀರಿ ಹೆಚ್ಚುತ್ತದೆ. ಇಂಥ ಪೆಟೀಟನ್ನು ಆರೋಗ್ಯವಂತ ಯೀಸ್ಟಿನೊಂದಿಗೆ ಕೂಡಿಸಿದರೆ ಹುಟ್ಟುವ ಪೀಳಿಗೆಯಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪೆಟೀಟ್‌ಗಳೇ ಆಗಬಹುದು. ಕೋಶಕ್ಕೆ ಒಂದು ಕಾಸಿನ ಲಾಭವಿಲ್ಲ. ಆ ಚೂರಿಗೆ ಮಾತ್ರ ಲಾಭ.

— ಇನ್ನೊಬ್ಬರ ಕಾವ್ಯದಲ್ಲಿ ತನ್ನ ಪದ್ಯ ಸೇರಿಸುವವರೂ ನಮ್ಮಲ್ಲಿದ್ದಾರೆ. ಪ್ರಕ್ಷೇಪ ಅನ್ನುತ್ತೇವೆ. ನಿಮ್ಮಲ್ಲಿ ಅದೂ ಉಂಟೋ?

— ಉಂಟು, ಮತ್ತು ಅದರ ಕಥೆ ಎಲ್ಲಕ್ಕಿಂತ ಸ್ವಾರಸ್ಯದ್ದು. ಸ್ಲೊನಿಮ್‌ಸ್ಕಿ ಅವರ ಪ್ರಯೋಗಾಲಯದಲ್ಲಿ 1970ರ ಸುಮಾರಿಗೆ ಒಮೆಗಾ ಎಂಬ ಗುಣವೊಂದು ಕಂಡಿತು. ಅದಿರುವ ಯೀಸ್ಟನ್ನು ಅದಿಲ್ಲದ ಯೀಸ್ಟಿನೊಂದಿಗೆ ಕೂಡಿಸಿದರೆ ಹುಟ್ಟಿದವುಗಳಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ಅದು ಬಂದುಬಿಡುತ್ತಿತ್ತು. ಬೆನ್ನು ಹತ್ತಿ ಹೋದಾಗ ಬರ್ನಾರ್ ದ್ಯುಜೋಂ ಮತ್ತಿತರರಿಗೆ ಸಿಕ್ಕಿದ್ದು ರೈಬೋಸೋಮಿನ ಆರ್‌ಎನ್‌ಎ ಜೀನಿನ ನಡುವೆ ಕೂತ ಒಂದು ಇಂಟ್ರಾನ್, ಅಂದರೆ ಜೀನಿನ ಪಾಠಕ್ಕೆ ಸೇರದ ನಡುತುಣುಕು. ಅದರೊಳಗೆ ಐ-ಎಸ್‌ಸಿಇ1 ಎಂಬ ಕತ್ತರಿಯ ಬರಹವಿದೆ. ಆ ಕತ್ತರಿ 18 ಅಕ್ಷರಗಳ ಒಂದು ಸಾಲನ್ನು ಹುಡುಕಿ ಕತ್ತರಿಸುತ್ತದೆ. ಆ ಸಾಲು ಇಡಿಯಾಗಿ ಇರುವುದು ಇಂಟ್ರಾನ್ ಇಲ್ಲದ ಪ್ರತಿಯಲ್ಲಿ ಮಾತ್ರ. ಇಂಟ್ರಾನ್ ಇರುವ ಪ್ರತಿಯಲ್ಲಿ ಅದೇ ಜಾಗಕ್ಕೆ ಇಂಟ್ರಾನ್ ಬಂದು ಸಾಲು ಒಡೆದಿರುತ್ತದೆ.

— ಕತ್ತರಿಸಿದ ಮೇಲೆ ದುರಸ್ತಿಯವರು ಬರುತ್ತಾರೆ...

— ಬಂದು, ಪಕ್ಕದ ಇಡೀ ಪ್ರತಿಯನ್ನು ನೋಡಿ ತುಂಬುತ್ತಾರೆ. ಆ ಪ್ರತಿಯಲ್ಲಿ ಇಂಟ್ರಾನ್ ಇದೆ. ಅದೂ ನಕಲಾಗಿ ಕೂರುತ್ತದೆ.

— ಭಲೇ! ಪ್ರಕ್ಷೇಪಕಾರ ಪರಿಷ್ಕರಣಕಾರನ ಕೈಯಿಂದಲೇ ತನ್ನ ಪದ್ಯ ಬರೆಸಿದ.

— ಅದೇ ಕತ್ತರಿಯನ್ನು ಮನುಷ್ಯರೂ ಬಳಸಿಕೊಂಡರು. ಮೈಟೊಕಾಂಡ್ರಿಯದ ಸಂಕೇತ ಲಿಪಿ ಸ್ವಲ್ಪ ಬೇರೆ, ಅದನ್ನು ನ್ಯೂಕ್ಲಿಯಸ್ಸಿನ ಲಿಪಿಗೆ ಬದಲಿಸಿ ಬರೆದರೆ ಬೇರೆ ಜೀವಿಗಳ ಕೋಶದಲ್ಲೂ ಕತ್ತರಿ ಕೆಲಸ ಮಾಡುತ್ತದೆ. 1994ರಲ್ಲಿ ನ್ಯೂಯಾರ್ಕಿನಲ್ಲಿ ಮರಿಯಾ ಜಾಸಿನ್ ಅವರ ತಂಡ ಇಲಿಯ ಕೋಶದ ಕ್ರೋಮೋಸೋಮಿನಲ್ಲಿ ಆ 18 ಅಕ್ಷರ ಇಟ್ಟು, ಇದೇ ಕತ್ತರಿಯಿಂದ ಕತ್ತರಿಸಿ, ಕತ್ತರಿಸಿದ ಜಾಗದಲ್ಲಿ ನಮಗೆ ಬೇಕಾದ ಬದಲಾವಣೆ ಬಹಳ ಸುಲಭವಾಗಿ ಕೂರುತ್ತದೆ ಎಂದು ತೋರಿಸಿತು. ಈಗ ಪತ್ರಿಕೆಗಳಲ್ಲಿ ಜೀನ್ ತಿದ್ದುವ ಕ್ರಿಸ್ಪರ್ ಬಗ್ಗೆ ಓದುತ್ತೀರಲ್ಲ, ಕತ್ತರಿಸಿ ಕೋಶದ ಕೈಲೇ ದುರಸ್ತಿ ಮಾಡಿಸುವ ಆ ಯೋಚನೆ ಮೊದಲು ಗಟ್ಟಿಯಾದದ್ದು ಈ ಯೀಸ್ಟಿನ ಕತ್ತರಿಯಿಂದ. ಕ್ರಿಸ್ಪರ್ ಹೊಗಳುವಾಗ ಇದನ್ನು ಯಾರೂ ನೆನೆಯುವುದಿಲ್ಲ, ನನಗೆ ಅದೊಂದು ಸಣ್ಣ ಸಿಟ್ಟು.

— ಸಿಟ್ಟು ಇರಲಿ, ನನ್ನ ಪ್ರಶ್ನೆ ಹಾಗೇ ಉಳಿದಿದೆ. ಯಾವ ಪಾಠ ಸರಿ ಎಂದು ತಿಳಿದವರು ಯಾರೂ ಇಲ್ಲ. ದುರಸ್ತಿಯವರನ್ನು ಯಾಮಾರಿಸಬಹುದು. ಚೂರುಪ್ರತಿ ಇಡೀ ಪ್ರತಿಯನ್ನು ಓಡಿಸಬಹುದು. ಆದರೂ ಎಫ್ರುಸಿಯ ತಟ್ಟೆಯಲ್ಲಿ ನೂರಕ್ಕೆ 98 ಕಾಲೊನಿ ಚೆನ್ನಾಗಿಯೇ ಇದ್ದವಲ್ಲ. ಹೇಗೆ?

— ಪ್ರತಿಯನ್ನು ಓದಿ ಅಲ್ಲ, ಪ್ರತಿ ಮಾಡುವ ಕೆಲಸದಿಂದ ಕೋಶ ಅದನ್ನು ಅಳೆಯುತ್ತದೆ ಎಂದು ತೋರುತ್ತದೆ. ಎರಡು ಬಗೆಯ ಪ್ರತಿ ಒಂದೇ ಕೋಶದಲ್ಲಿದ್ದರೆ ಸುಮಾರು 20 ತಲೆಮಾರಿನೊಳಗೆ ಮರಿಕೋಶಗಳು ಇದಾದರೂ ಆಗುತ್ತವೆ, ಅದಾದರೂ ಆಗುತ್ತವೆ, ಬೆರಕೆ ಉಳಿಯುವುದಿಲ್ಲ. ಅಷ್ಟೇ ಆಗಿದ್ದರೆ ಬರೀ ಅದೃಷ್ಟದ ಆಟ. ಮ್ಯೂನಿಕ್‌ನಲ್ಲಿ ಕ್ರಿಸ್ಟೊಫ್ ಓಸ್ಮನ್ ಅವರ ತಂಡ 2021ರಲ್ಲಿ ಬೇರೊಂದು ತೋರಿಸಿತು: ಕೆಟ್ಟ ಪ್ರತಿ, ಒಳ್ಳೆಯ ಪ್ರತಿ ಎರಡೂ ಇರುವ ತಾಯಿಕೋಶ ಮರಿಗೆ ಒಳ್ಳೆಯದನ್ನೇ ಹೆಚ್ಚಾಗಿ ಕೊಡುತ್ತದೆ. ಯೀಸ್ಟಿನ ಮೈಟೊಕಾಂಡ್ರಿಯ ಬಿಡಿಬಿಡಿ ಗುಳಿಗೆಗಳಲ್ಲ ಮಾವ, ಕವಲೊಡೆದು ಒಂದಕ್ಕೊಂದು ಕೂಡಿದ ಕೊಳವೆಜಾಲ. ಒಂದು ಪ್ರತಿಯಿಂದ ತಯಾರಾದ ಪ್ರೋಟೀನುಗಳು ಆ ಪ್ರತಿಯ ಆಸುಪಾಸಿನಲ್ಲೇ ಉಳಿಯುತ್ತವೆ, ಜಾಲದ ತುಂಬ ಹರಡುವುದಿಲ್ಲ. ಒಳಪೊರೆಯ ಮಡಿಕೆಗಳು ಅವನ್ನು ತಡೆದಿಡುತ್ತವೆ. ಹೀಗಾಗಿ ಒಳ್ಳೆಯ ಪ್ರತಿಯ ಸುತ್ತ ಉಸಿರಾಟ ಚುರುಕಾಗಿರುತ್ತದೆ, ಕೆಟ್ಟದ್ದರ ಸುತ್ತ ಮಂದವಾಗಿರುತ್ತದೆ. ಆ ಮಡಿಕೆಗಳನ್ನು ಕೆಡಿಸಿದರೆ ಆರಿಸುವ ಶಕ್ತಿಯೂ ಹೋಗುತ್ತದೆ.

— ಅಂದರೆ ಇಲ್ಲಿ ಶುದ್ಧಪಾಠವೆಂದರೆ ಕವಿ ಬರೆದದ್ದಲ್ಲ. ಯಾವ ಪ್ರತಿಯಿಂದ ಉಸಿರಾಡಬಹುದೋ ಅದು. ನಮ್ಮ ಶಾಸ್ತ್ರಕ್ಕೆ ಇದು ಒಪ್ಪಿಗೆಯಾಗುವ ಮಾತಲ್ಲ.

— ನಿಮಗಿನ್ನೂ ಒಪ್ಪಿಗೆಯಾಗದ್ದು ಹೇಳುತ್ತೇನೆ. ಪ್ರಪಂಚದ ಪ್ರಯೋಗಾಲಯಗಳಲ್ಲೆಲ್ಲ ಪ್ರಮಾಣಪ್ರತಿಯೆಂದು ಇಟ್ಟುಕೊಂಡಿರುವ ಯೀಸ್ಟ್ ತಳಿ ಎಸ್288ಸಿ. ಅದರ ಮೂಲ ಬಹುಪಾಲು 1938ರಲ್ಲಿ ಕ್ಯಾಲಿಫೋರ್ನಿಯದ ಮರ್ಸೆಡ್‌ನಲ್ಲಿ ಕೊಳೆತ ಅಂಜೂರದ ಹಣ್ಣೊಂದರಿಂದ ಎಮಿಲ್ ಮ್ರಾಕ್ ತೆಗೆದ ಯೀಸ್ಟು. 1996ರಲ್ಲಿ ಪ್ರಕಟವಾದ ಯೀಸ್ಟ್ ಜೀನೋಮ್ ಇದರದೇ. ಈ ತಳಿಯಲ್ಲಿ ಪೆಟೀಟ್‌ಗಳು ಬೇರೆ ತಳಿಗಳಿಗಿಂತ ಹೆಚ್ಚು. ಯಾಕೆಂದು ನೋಡಿದರೆ ಮಿಪ್1ರ 661ನೆಯ ಸ್ಥಾನದಲ್ಲಿ ಥ್ರಿಯೋನಿನ್ ಇರಬೇಕಾದ ಕಡೆ ಅಲನಿನ್ ಇದೆ. ಒಂದೇ ಅಕ್ಷರದ ವ್ಯತ್ಯಾಸ. ಇಟಲಿಯ ಪಾರ್ಮಾದ ತಂಡ ಫೂರಿಯವರ ಜತೆ ಸೇರಿ 2007ರಲ್ಲಿ ಇದನ್ನು ಹಿಡಿಯಿತು. ಮೈಟೊಕಾಂಡ್ರಿಯದ ಡಿಎನ್‌ಎ ಎಷ್ಟು ಅಸ್ಥಿರ ಎಂದು ನಾವೆಲ್ಲ ಬರೆದುಕೊಂಡಿದ್ದ ಎಷ್ಟೋ ಅಂಕಿಗಳು ಯೀಸ್ಟಿನವಲ್ಲ, ಆ ತಳಿಯವು.

— ಮುದ್ರಿತ ಪ್ರತಿಯನ್ನೇ ನಂಬಿ ವ್ಯಾಖ್ಯಾನ ಬರೆದವರ ಪಾಡು. ಅದು ನಮ್ಮಲ್ಲೂ ಬೇಕಾದಷ್ಟಿದೆ, ಬಿಡು. ಈ ಡಿಎನ್‌ಎ ಕಾಯಲು ಇದಕ್ಕೆಂದೇ ಇರುವ ಆಳುಗಳಲ್ಲದೆ ಬೇರೆಯವರು ಯಾರಾದರೂ ಇದ್ದಾರೆಯೇ?

— ಎಬಿಎಫ್2 ಎಂಬ ಪ್ರೋಟೀನ್ ಡಿಎನ್‌ಎಯನ್ನು ಬಾಗಿಸಿ ಮಡಿಚಿ ಕಟ್ಟಾಗಿಸುತ್ತದೆ. ಅದಿಲ್ಲದ ಯೀಸ್ಟು ಗ್ಲುಕೋಸ್ ತಿನ್ನುವಾಗ ಬೇಗನೆ ಪೆಟೀಟ್ ಆಗುತ್ತದೆ, ಗ್ಲಿಸರಾಲ್ ಮೇಲೆ ಇಟ್ಟರೆ ಡಿಎನ್‌ಎ ಉಳಿಸಿಕೊಳ್ಳುತ್ತದೆ. ಅದು ಯಾಕೆಂದು ಡಾಲಸ್ಸಿನಲ್ಲಿ ರೊನಾಲ್ಡ್ ಬುಟೋ ಅವರ ತಂಡ ಹುಡುಕಿತು. ಎಬಿಎಫ್2 ಇಲ್ಲದಾಗ ಆ ಕೆಲಸಕ್ಕೆ ನಿಲ್ಲುವುದು ಅಕೋನಿಟೇಸ್! ನೀವು ಕಾಲೇಜಿನಲ್ಲಿ ಸಿಟ್ರಿಕ್ ಆಮ್ಲದ ಚಕ್ರ ಬಾಯಿಪಾಠ ಮಾಡಿರಬಹುದು, ಅದರ ಕಿಣ್ವ. ಸಕ್ಕರೆ ಕಡಿಮೆಯಾಗಿ ಉಸಿರಾಟ ಬೇಕಾದಾಗ ಅದು ಹೆಚ್ಚಾಗಿ ತಯಾರಾಗುತ್ತದೆ, ಹೋಗಿ ಡಿಎನ್‌ಎ ಮೇಲೂ ಕೂರುತ್ತದೆ. 2005ರಲ್ಲಿ ಇದು ಪ್ರಕಟವಾಯಿತು. ಉಸಿರಾಟದ ಅಗತ್ಯ ಬಿದ್ದಾಗಲೇ ಉಸಿರಾಟದ ಬರಹಕ್ಕೆ ಕಾವಲು ಹೆಚ್ಚುತ್ತದೆ.

— ಈ ಬರಹ ಪೂರ್ತಿ ಹೋದರೆ ಯೀಸ್ಟಿಗೆ ಉಸಿರಾಟ ಮಾತ್ರ ನಷ್ಟ, ಅಲ್ಲವೇ?

— ಅಷ್ಟೇ ಅಂದುಕೊಂಡಿದ್ದರು. ಮೈಟೊಕಾಂಡ್ರಿಯ ಹಾಗೇ ಉಳಿಯುತ್ತದೆ ನೋಡಿ, ಡಿಎನ್‌ಎ ಮಾತ್ರ ಇಲ್ಲ. ಕಬ್ಬಿಣ ಮತ್ತು ಗಂಧಕ ಸೇರಿದ ಸಣ್ಣ ಗೊಂಚಲುಗಳನ್ನು ಕಟ್ಟುವುದು ಮೈಟೊಕಾಂಡ್ರಿಯದ ಕೆಲಸ. ಉಸಿರಾಡದ ಕೋಶಕ್ಕೂ ಅವು ಬೇಕು. ಡಿಎನ್‌ಎ ಹೋದಾಗ ಒಳಪೊರೆಯ ವಿದ್ಯುತ್ ಒತ್ತಡ ಕುಗ್ಗಿ ಆ ತಯಾರಿ ಕುಂಟುತ್ತದೆ. ಆ ಗೊಂಚಲಿಲ್ಲದೆ ನ್ಯೂಕ್ಲಿಯಸ್ಸಿನ ಡಿಎನ್‌ಎಯೂ ಅಸ್ಥಿರವಾಗುತ್ತದೆ ಎಂದು ಡ್ಯಾನಿಯಲ್ ಗಾಟ್ಸ್‌ಲಿಂಗ್ ಅವರ ತಂಡ 2009ರಲ್ಲಿ ತೋರಿಸಿತು. 86 ಸಾವಿರ ಅಕ್ಷರ ಹೋದದ್ದರ ಪೆಟ್ಟು 1 ಕೋಟಿ 20 ಲಕ್ಷ ಅಕ್ಷರಕ್ಕೆ.

— ಇಷ್ಟೆಲ್ಲ ತಿಳಿದುಕೊಂಡು ಮನುಷ್ಯನಿಗೆ ಏನಾಗಬೇಕು ಎಂದು ನಾನು ಕೇಳುವುದಿಲ್ಲ. ಬೇರೆಯವರು ಕೇಳುತ್ತಾರೆ.

— ಕೇಳಲಿ. ಮಿಪ್1ಕ್ಕೆ ಸಮನಾದದ್ದು ನಮ್ಮಲ್ಲಿ ಪೋಲ್‌ಜಿ ಎಂಬ ಜೀನು. ಅದು ಕೆಟ್ಟರೆ ಕೆಲವು ಮಕ್ಕಳಿಗೆ ಆಲ್ಪರ್ಸ್ ಎಂಬ ಕಾಯಿಲೆ ಬರುತ್ತದೆ, ನಿಲ್ಲದ ಫಿಟ್ಸ್, ಯಕೃತ್ತಿನ ತೊಂದರೆ. ದೊಡ್ಡವರಲ್ಲಿ ರೆಪ್ಪೆ ಇಳಿಬೀಳುವುದು, ಕಣ್ಣಿನ ಸ್ನಾಯು ಸೋಲುವುದು. ರೋಗಿಯಲ್ಲಿ ಕಂಡ ಅಕ್ಷರಬದಲನ್ನು ಮಿಪ್1ರ ಅದೇ ಜಾಗಕ್ಕೆ ತಂದು ಯೀಸ್ಟನ್ನು ಬೆಳೆಸಿದರೆ, ಪೆಟೀಟ್‌ಗಳು ಎಷ್ಟು ಎಂದು ಎಣಿಸಿ ಆ ಬದಲು ಕೆಡುಕಿನದೋ ಅಲ್ಲವೋ ಹೇಳಬಹುದು. ಡಿಎನ್‌ಎ ಕಟ್ಟಲು ಬೇಕಾದ ಕಚ್ಚಾ ನ್ಯೂಕ್ಲಿಯೊಟೈಡ್‌ಗಳು ಕೋಶದಲ್ಲಿ ಹೆಚ್ಚುವಂತೆ ಮಾಡಿದರೆ ಕೆಲವು ಮಿಪ್1 ದೋಷಗಳು ಸುಧಾರಿಸುತ್ತವೆ ಎಂದೂ ಯೀಸ್ಟಿನಲ್ಲಿ ಕಂಡಿದೆ.

— ಎಲ್ಲ ಬದಲನ್ನೂ ಹೀಗೆ ಪರೀಕ್ಷಿಸಬಹುದೋ?

— ಇಲ್ಲ. ಮಿಪ್1 ಒಂಟಿಯಾಗಿ ಕೆಲಸ ಮಾಡುತ್ತದೆ, ನಮ್ಮ ಪೋಲ್‌ಜಿಗೆ ಜತೆಗಾರ ಪ್ರೋಟೀನೊಂದು ಬೇಕು. ಆ ಜತೆಗಾರನನ್ನು ಹಿಡಿದುಕೊಳ್ಳುವ ಜಾಗದ ದೋಷಗಳ ಬಗ್ಗೆ ಯೀಸ್ಟು ಏನೂ ಹೇಳಲಾರದು. ಉಳಿದವಕ್ಕೆ ಉಪಯೋಗವಿದೆ. ಪೋಲ್‌ಜಿ ದೋಷವಿರುವ ಮಗುವಿಗೆ ಫಿಟ್ಸಿಗೆಂದು ಕೊಡುವ ವಾಲ್‌ಪ್ರೊಯೇಟ್ ಮಾತ್ರೆ ಕೊಟ್ಟರೆ ಯಕೃತ್ತು ಪೂರ್ತಿ ಕೈಕೊಡಬಹುದು. ಆದ್ದರಿಂದ ಅನುಮಾನವಿದ್ದ ಕಡೆ ವೈದ್ಯರು ಮೊದಲು ಪೋಲ್‌ಜಿ ಜೀನನ್ನು ಓದಿಸುತ್ತಾರೆ, ಆಮೇಲೆ ಮಾತ್ರೆ ಬರೆಯುತ್ತಾರೆ.